ಹದಿನಾರು ಸೆಕೆಂಡು

ಕಳೆದ ತಿಂಗಳು ಬಂಧುಗಳ ಮನೆಯ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ, ಎದುರು ಪಂಕ್ತಿಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು, "ಸಾರ್, ತಾವು ಒಂದು ಕಾಲದಲ್ಲಿ ಕಾರ್ ರ‍್ಯಾಲಿಗೆ ಹೋಗುತ್ತಿದ್ದಿರಂತೆ, ನಿಜವೇ?" ಎಂದು ಕೇಳಿದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಸೀಮೆಸುಣ್ಣ ಮತ್ತು ಬೆತ್ತದ ಹೊರತು ಬೇರೇನನ್ನೂ ಹಿಡಿದವನಲ್ಲ ಎಂದೇ ನನ್ನನ್ನು ಅವರು ಬಲ್ಲರು. ನಿಜವೆಂದು ಹೇಳಿದೆ. ಆದರೆ ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿ ಅದಾಗಿರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇದು 1998ರ ಮಾತು. ನಾನಾಗ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕ. ಒಂದು ಶನಿವಾರ ಸಂಜೆ, ನಮ್ಮ ಹಿರಿಯಕ್ಕನ ಮಗ ಹಳೆಯ ಮಾರುತಿ 800 ಕಾರಿನಲ್ಲಿ ಬಂದು ನಮ್ಮ ಮನೆಯ ಗೇಟಿನೆದುರು ನಿಂತ. ಅವನು ನಮ್ಮ ಮನೆಗೆ ಬಂದು ಹನ್ನೊಂದು ವರ್ಷಗಳಾಗಿದ್ದವು. ಅದಕ್ಕೆ ಕಾರಣ ನಾನೇ. ಅದನ್ನು ಮೊದಲು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಅಕ್ಕನ ಊರಿನಲ್ಲಿ ಪ್ರೌಢಶಾಲೆ ಇರಲಿಲ್ಲವಾದ್ದರಿಂದ ಹುಡುಗ ಮೂರು ವರ್ಷ ನಮ್ಮ ಮನೆಯಲ್ಲಿದ್ದು ಓದಿದ. ಮನೆಯಲ್ಲಿ ಸೋದರಮಾವ, ಶಾಲೆಯಲ್ಲಿ ಮೇಷ್ಟ್ರು. ಎರಡೂ ಕಡೆ ನಾನೇ. ಪಾಪ, ಅವನಿಗೆ ತಪ್ಪಿಸಿಕೊಳ್ಳುವ ಜಾಗವೇ ಇರಲಿಲ್ಲ. ಕೈಯಲ್ಲಿ ಒಳ್ಳೆಯ ಕೆಲಸವಿತ್ತು. ನಮ್ಮ ಮನೆಯ ಪಂಪ್‌ಸೆಟ್ಟನ್ನು ಬಿಚ್ಚಿ ಮತ್ತೆ ಜೋಡಿಸಿದ್ದ. ಗಣಿತ ಮಾತ್ರ ಹತ್ತಲಿಲ್ಲ. 1987ರಲ್ಲಿ, ಎಸ್‌ಎಸ್‌ಎಲ್‌ಸಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸುವಾಗ, ನಲವತ್ತು ಮಕ್ಕಳ ಎದುರಿಗೆ ಅವನ ಪತ್ರಿಕೆಯನ್ನು ಎತ್ತಿ ಹಿಡಿದು, "ಇವನು ಲೆಕ್ಕಕ್ಕೆ ಬಾರದವನು" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮಾತಿನ ಚಮತ್ಕಾರಕ್ಕೆ ನಾನೂ ನಕ್ಕೆನೆಂದು ನೆನಪು. ಆಗ ನನಗೆ ಇಪ್ಪತ್ತೇಳು ವರ್ಷ, ಬಿ.ಎಡ್. ಮುಗಿಸಿ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಮಕ್ಕಳನ್ನು ನಗಿಸುವ ಮೇಷ್ಟ್ರೇ ಒಳ್ಳೆಯ ಮೇಷ್ಟ್ರು ಎಂದುಕೊಂಡಿದ್ದ ಕಾಲ.

ಅವನು ಆ ವರ್ಷ ಗಣಿತದಲ್ಲಿ ನಪಾಸಾದ. ಮತ್ತೆ ಕಟ್ಟಲಿಲ್ಲ. ಮಂಗಳೂರಿಗೆ ಹೋಗಿ ಗ್ಯಾರೇಜೊಂದರಲ್ಲಿ ಸೇರಿಕೊಂಡ. ಅಕ್ಕ ನನ್ನೊಡನೆ ಮಾತು ಬಿಡಲಿಲ್ಲ, ಆದರೆ ಮಗನ ವಿಷಯ ನನ್ನೆದುರು ಎತ್ತುತ್ತಲೂ ಇರಲಿಲ್ಲ. ಮುಂದೆ ಅವನು ಚಿಕ್ಕಮಗಳೂರಿನಲ್ಲಿ ಸ್ವಂತ ಗ್ಯಾರೇಜು ಹಾಕಿದನೆಂದೂ, ಭಾನುವಾರಗಳಲ್ಲಿ ಕಾರ್ ರ‍್ಯಾಲಿಗಳಿಗೆ ಹೋಗುತ್ತಾನೆಂದೂ ಯಾರು ಯಾರಿಂದಲೋ ಕೇಳಿದ್ದೆ.

ಅಂದು ಬಂದವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೇರವಾಗಿ ವಿಷಯಕ್ಕೆ ಬಂದ. "ಮಾವ, ಮುಂದಿನ ತಿಂಗಳು ಒಂದು ರ‍್ಯಾಲಿ ಇದೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಕಾಮಾಲೆ. ಲೆಕ್ಕ ಮಾಡುವವರು ಒಬ್ಬರು ಬೇಕು. ನೀವು ಬರುತ್ತೀರಾ?"

ನನ್ನ ಹೆಂಡತಿ ಒಳಗಿನಿಂದ, "ಮಕ್ಕಳಿಗೆ ಬುದ್ಧಿ ಹೇಳುವವರು ಪಂದ್ಯಕ್ಕೆ ಹೋಗುವುದೇ?" ಎಂದಳು. ನಾನು ಹೂಂ ಎಂದುಬಿಟ್ಟಿದ್ದೆ. ಅದು ಯಾವ ಪಂದ್ಯ, ಪಕ್ಕ ಕುಳಿತವನು ಏನು ಮಾಡಬೇಕು, ಒಂದೂ ನನಗೆ ತಿಳಿದಿರಲಿಲ್ಲ.

ರ‍್ಯಾಲಿ ಎಂದೊಡನೆ ನಿಮ್ಮ ಕಣ್ಣಿಗೆ ಬರುವುದು ಧೂಳೆಬ್ಬಿಸುತ್ತ, ಅಡ್ಡಡ್ಡವಾಗಿ ಜಾರುತ್ತ ಹೋಗುವ ಕಾರುಗಳು. ಅದೂ ಉಂಟು. ರಸ್ತೆಯನ್ನು ಇತರರಿಗೆ ಮುಚ್ಚಿ, ಒಂದೊಂದೇ ಕಾರನ್ನು ಬಿಟ್ಟು, ಯಾರು ಕಡಿಮೆ ಸಮಯದಲ್ಲಿ ತಲಪುತ್ತಾರೆಂದು ನೋಡುವ ವೇಗದ ರ‍್ಯಾಲಿ ಅದು. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಐದು ಸಲ ಗೆದ್ದ, ಭಾರತೀಯ ಮೂಲದ ಶೇಖರ್ ಮೆಹ್ತಾ ಅವರ ಹೆಸರನ್ನು ಹಿರಿಯರು ಪತ್ರಿಕೆಗಳಲ್ಲಿ ಓದಿರಬಹುದು. 1980ರಲ್ಲಿ ನಮ್ಮ ದೇಶದಲ್ಲಿ ಹಿಮಾಲಯ ರ‍್ಯಾಲಿ ಆರಂಭವಾದಾಗಲೂ ಇಂತಹ ಹೆಸರುಗಳು ಎಲ್ಲೆಡೆ ಕೇಳಿಬರುತ್ತಿದ್ದವು.

ನಾವು ಹೋದದ್ದು ಅದಕ್ಕಲ್ಲ. ನಮ್ಮದು ಕಾಲ, ವೇಗ, ದೂರದ ರ‍್ಯಾಲಿ. ಟಿ.ಎಸ್.ಡಿ. ಎಂದು ಕರೆಯುತ್ತಾರೆ. ಇದರಲ್ಲಿ ಜೋರಾಗಿ ಓಡಿಸಿದವನು ಗೆಲ್ಲುವುದಿಲ್ಲ. ಸಂಘಟಕರು ಒಂದು ದಾರಿಯನ್ನೂ, ಅದರ ಒಂದೊಂದು ಭಾಗಕ್ಕೆ ಒಂದೊಂದು ಸರಾಸರಿ ವೇಗವನ್ನೂ ಕೊಡುತ್ತಾರೆ. ಇಷ್ಟು ದೂರ ಗಂಟೆಗೆ 36 ಕಿಲೋಮೀಟರ್, ಅಲ್ಲಿಂದ ಮುಂದೆ 30, ಆಮೇಲೆ 40, ಹೀಗೆ. ಕಾನೂನು ಮೀರಿದ ವೇಗವೇ ಇಲ್ಲ. ದಾರಿಯಲ್ಲಿ ಎಲ್ಲೆಲ್ಲೋ, ಮೊದಲೇ ತಿಳಿಯದ ಜಾಗಗಳಲ್ಲಿ, ಗಡಿಯಾರ ಹಿಡಿದು ಕುಳಿತಿರುತ್ತಾರೆ. ಆ ಕ್ಷಣಕ್ಕೆ ನೀವು ಅಲ್ಲಿರಬೇಕು. ನಮ್ಮ ಸ್ಪರ್ಧೆಯಲ್ಲಿ ಒಂದು ಸೆಕೆಂಡು ತಡವಾದರೆ ಒಂದು ದಂಡದ ಅಂಕ. ಒಂದು ಸೆಕೆಂಡು ಬೇಗ ಬಂದರೆ ಎರಡು. ಅವಸರಕ್ಕೆ ಇಮ್ಮಡಿ ಶಿಕ್ಷೆ. ಈ ನಿಯಮವನ್ನು ಕೇಳಿದಾಗಲೇ ನನಗೆ ಈ ಆಟದ ಮೇಲೆ ಗೌರವ ಹುಟ್ಟಿತು.

ಪಕ್ಕದ ಸೀಟಿನವನ ಕೆಲಸ ಎರಡು: ದಾರಿ ಹೇಳುವುದು, ಲೆಕ್ಕ ಹೇಳುವುದು. ದಾರಿ ಹೇಳಲು ಹೊರಡುವ ಮುನ್ನ ಒಂದು ಪುಸ್ತಕ ಕೊಡುತ್ತಾರೆ. ಅದರಲ್ಲಿ ಊರುಗಳ ಹೆಸರು ಹುಡುಕಿದರೆ ಸಿಗದು. ಪ್ರತಿಯೊಂದು ಕವಲಿಗೂ ಒಂದು ಪುಟ್ಟ ಚಿತ್ರ. ಒಂದು ತುದಿಯಲ್ಲಿ ಗುಂಡು ಚುಕ್ಕೆ, ಇನ್ನೊಂದರಲ್ಲಿ ಬಾಣ. ಚುಕ್ಕೆ ನೀವು ಬರುವ ಕಡೆ, ಬಾಣ ಹೋಗಬೇಕಾದ ಕಡೆ. ಪಕ್ಕದಲ್ಲಿ ದೂರ. ಈ ಚಿತ್ರಗಳಿಗೆ ಟುಲಿಪ್ ಎಂದು ಹೆಸರು. ಹೂವಿನ ಆಕಾರ ಹುಡುಕಿ ಸೋತೆ. ನೆದರ್‌ಲೆಂಡ್ಸ್ ದೇಶದಲ್ಲಿ 1949ರಲ್ಲಿ ಆರಂಭವಾದ ಟುಲಿಪ್ ರ‍್ಯಾಲಿಯಿಂದ ಬಂದ ಹೆಸರದು ಎಂಬುದು ಆಮೇಲೆ ತಿಳಿಯಿತು.

ಇನ್ನು ಲೆಕ್ಕ. 3600ನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂಬುದು ಬರುತ್ತದೆ. 36ಕ್ಕೆ 100 ಸೆಕೆಂಡು, 40ಕ್ಕೆ 90, 45ಕ್ಕೆ 80. ಏಳನೆಯ ತರಗತಿಯ ಲೆಕ್ಕ. ನಾನು ನಾಲ್ಕು ರಾತ್ರಿ ಕುಳಿತು, 24ರಿಂದ 48ರವರೆಗಿನ ಪ್ರತಿ ವೇಗಕ್ಕೂ ನೂರು ಮೀಟರಿನಿಂದ ಹತ್ತು ಕಿಲೋಮೀಟರಿನವರೆಗೆ ಕೋಷ್ಟಕ ತಯಾರಿಸಿದೆ. ಗ್ರಾಫ್ ಹಾಳೆಯ ಮೇಲೆ, ಎರಡು ಬಣ್ಣದ ಮಸಿಯಲ್ಲಿ. ಅಳಿಯ ಅದನ್ನು ನೋಡಿ ಏನೂ ಹೇಳದೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು ಬಂದ.

ಅವನ ಸಿದ್ಧತೆ ಬೇರೆಯೇ ಬಗೆಯದು. ನಾನು ಎರಡು ಭಾನುವಾರ ಗ್ಯಾರೇಜಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಮಾರುತಿ ನೆಲಕ್ಕೆ ಹತ್ತಿರದ ಗಾಡಿ. ತೋಟದ ರಸ್ತೆಯ ನಡುವಿನ ಕಲ್ಲು ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿಗೆ ಬಡಿದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಅಡಿಯಲ್ಲಿ ದಪ್ಪ ಕಬ್ಬಿಣದ ತಗಡೊಂದನ್ನು ಬೋಲ್ಟು ಹಾಕಿ ಕೂರಿಸಿದ. ಷಾಕ್ ಅಬ್ಸಾರ್ಬರುಗಳನ್ನು ಬದಲಿಸಿದ. ನೀರು ದಾಟುವಾಗ ಕಿಡಿ ಆರದಂತೆ ಡಿಸ್ಟ್ರಿಬ್ಯೂಟರಿನ ಮೇಲೆ ಹಳೆಯ ಟ್ಯೂಬಿನ ರಬ್ಬರು ಸುತ್ತಿದ. ಫ್ಯಾನ್ ಬೆಲ್ಟು, ಪ್ಲಗ್ಗು, ಬಲ್ಬು, ಎಳೆಯಲು ಹಗ್ಗ, ಎರಡು ಸ್ಟೆಪ್ನಿ. ಪ್ರತಿ ನಟ್ಟಿಗೂ ಬಿಗಿಮಾಡಿದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ಸರಿದಿದ್ದರೆ ನಟ್ಟು ಸಡಿಲವಾಗಿದೆ ಎಂದರ್ಥ. ಶಾಲೆಯಲ್ಲಿ ಅವನ ನೋಟ್‌ಬುಕ್ಕಿನಲ್ಲಿ ಒಂದು ಗೆರೆಯೂ ನೇರ ಇರುತ್ತಿರಲಿಲ್ಲ.

ನನ್ನ ತಯಾರಿಯ ಕಷ್ಟ ಬೇರೆ. ಓಡುವ ಕಾರಿನಲ್ಲಿ ತಲೆ ತಗ್ಗಿಸಿ ಓದಿದರೆ ನನಗೆ ಹೊಟ್ಟೆ ತೊಳಸುತ್ತಿತ್ತು. ಮೊದಲ ಅಭ್ಯಾಸದ ದಿನ ಆಲ್ದೂರಿನವರೆಗೂ ತಲಪಲಿಲ್ಲ. ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ಆಮೇಲೆ ಬರಿಯ ಅವಲಕ್ಕಿ ತಿಂದು, ಬಾಯಲ್ಲಿ ಶುಂಠಿಯ ಚೂರು ಇಟ್ಟುಕೊಂಡು, ಪುಸ್ತಕವನ್ನು ಮಡಿಲಲ್ಲಿಡದೆ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದನ್ನು ರೂಢಿಸಿಕೊಂಡೆ.

ಅಕ್ಟೋಬರ್ ತಿಂಗಳ ಕೊನೆಯ ಒಂದು ಭಾನುವಾರ, ಬೆಳಿಗ್ಗೆ ಚಿಕ್ಕಮಗಳೂರಿನಿಂದ ನಿಮಿಷಕ್ಕೊಂದರಂತೆ ಕಾರುಗಳನ್ನು ಬಿಟ್ಟರು. ನಮ್ಮದು ಹದಿನಾಲ್ಕನೆಯದು. ಕೈಗೆ ಎಂದಿನ ಎಚ್‌ಎಂಟಿ ಕಟ್ಟಿಕೊಂಡು ಹೋಗಿದ್ದೆ. ಅಳಿಯ ಅದನ್ನು ಬಿಚ್ಚಿಸಿ, ಸೆಕೆಂಡಿನ ಅಂಕಿ ಕಾಣುವ ಗಡಿಯಾರವನ್ನು ಸಂಘಟಕರ ಗಡಿಯಾರಕ್ಕೆ ಸರಿಹೊಂದಿಸಿ ಡ್ಯಾಷ್‌ಬೋರ್ಡಿಗೆ ಅಂಟಿಸಿದ.

ಮೊದಲ ಹನ್ನೆರಡು ಕಿಲೋಮೀಟರ್ ಅಳತೆಯ ಪರೀಕ್ಷೆಗೆ. ಸಂಘಟಕರ ಪುಸ್ತಕದಲ್ಲಿ 12.0 ಎಂದಿದ್ದಲ್ಲಿ ನಮ್ಮ ಮೀಟರು 12.6 ತೋರಿಸಿತು. ಬೇರೊಂದು ಗಾಡಿಯಿಂದ ತೆಗೆದು ಹಾಕಿದ್ದ ಮೀಟರು ಅದು. ಜೊತೆಗೆ ಟೈರು ಸವೆದಷ್ಟೂ ಅದರ ಸುತ್ತಳತೆ ಕಡಿಮೆಯಾಗಿ, ಅದೇ ದೂರಕ್ಕೆ ಚಕ್ರ ಹೆಚ್ಚು ಸಲ ತಿರುಗುತ್ತದೆ. ಆದುದರಿಂದ ಪುಸ್ತಕದ ಪ್ರತಿ ದೂರವನ್ನೂ 1.05ರಿಂದ ಗುಣಿಸಬೇಕು. ವೃತ್ತದ ಪರಿಧಿಯನ್ನು ಹದಿನೈದು ವರ್ಷ ಪಾಠ ಮಾಡಿದ್ದರೂ, ಅದು ನನ್ನ ಕಾಲಿನ ಕೆಳಗೆ ಉರುಳುತ್ತಿದ್ದುದನ್ನು ಕಂಡದ್ದು ಅಂದೇ.

ಮೊದಲ ಒಂದೂವರೆ ಗಂಟೆ ನನಗೆ ಬಹಳ ಸುಖದ ಹೊತ್ತು. ಆಲ್ದೂರು ದಾಟಿ ಟಾರು ರಸ್ತೆ ಬಿಟ್ಟು ತೋಟಗಳ ಒಳಗೆ ಇಳಿದೆವು. ಮಳೆ ನಿಂತು ವಾರವಾಗಿತ್ತು. ಸಿಲ್ವರ್ ಓಕ್ ಮರಗಳ ನಡುವೆ ಕೆಂಪು ಮಣ್ಣಿನ ದಾರಿ, ಕಾಫಿ ಹಣ್ಣು ಅಲ್ಲಲ್ಲಿ ಬಣ್ಣ ತಿರುಗಲು ತೊಡಗಿದ್ದ ಗಿಡಗಳು, ಲೈನ್ ಮನೆಗಳ ಮುಂದೆ ನಿಂತು ಕೈಬೀಸುವ ಮಕ್ಕಳು. "ನಾನೂರು ಮೀಟರ್, ಬಲಕ್ಕೆ, ಮೋರಿ ದಾಟಿ" ಎಂದು ನಾನು ಹೇಳುವುದು, "ಬಲಕ್ಕೆ" ಎಂದು ಅವನು ಮರುನುಡಿಯುವುದು. "ಐದು ಸೆಕೆಂಡು ಮುಂದಿದ್ದೇವೆ" ಎಂದರೆ ಅವನ ಕಾಲು ಹಗುರವಾಗುತ್ತಿತ್ತು. ಹನ್ನೊಂದು ವರ್ಷ ನಾವು ಆಡದಿದ್ದ ಮಾತುಗಳ ಜಾಗದಲ್ಲಿ ಈ ಎಡ, ಬಲ, ಮುಂದೆ, ಹಿಂದೆ. ಬೇರೆ ಮಾತಿಗೆ ಸಮಯವೇ ಇರಲಿಲ್ಲ. ಅದು ಇಬ್ಬರಿಗೂ ಅನುಕೂಲವಾಗಿತ್ತು. ಮೊದಲ ನಾಲ್ಕು ತಪಾಸಣೆಗಳಲ್ಲಿ ಒಟ್ಟು ದಂಡ ಇಪ್ಪತ್ತೊಂದೇ ಅಂಕ.

ಸಂಗಮೇಶ್ವರಪೇಟೆಯ ಕಡೆ ಹೋಗುವಾಗ ಒಂದು ತಿರುವಿನಲ್ಲಿ ದನಗಳ ಹಿಂಡು ಎದುರಾಯಿತು. ದನ ಕಾಯುವ ಮುದುಕನೊಬ್ಬ, ಇಪ್ಪತ್ತೈದು ಮೂವತ್ತು ದನ. ಅಳಿಯ ಹಾರ್ನು ಮಾಡಲಿಲ್ಲ. ಎಂಜಿನ್ ಆರಿಸಿ ಕುಳಿತ. ಒಂದು ನಿಮಿಷದ ಮೇಲೆ ಹತ್ತು ಸೆಕೆಂಡು ಕಳೆಯಿತು. ನಾನು ಕುಳಿತಲ್ಲೇ ಚಡಪಡಿಸುತ್ತ, ಮುಂದಿನ ಭಾಗದ ಲೆಕ್ಕ ಮಾಡಿದೆ. 8.7 ಕಿಲೋಮೀಟರ್, ವೇಗ 30. ಮೂವತ್ತಕ್ಕೆ ಕೋಷ್ಟಕ ನೋಡುವುದೇತಕ್ಕೆ? ಕಿಲೋಮೀಟರಿಗೆ ಎರಡು ನಿಮಿಷ. ಎಂಟು ದಶಾಂಶ ಏಳರ ಎರಡರಷ್ಟು, ಹದಿನೇಳು ದಶಾಂಶ ನಾಲ್ಕು. ಹಾಳೆಯ ಮೇಲೆ ಬರೆದೆ: 17 ನಿಮಿಷ 40 ಸೆಕೆಂಡು.

ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇಷ್ಟರಲ್ಲಿ ತಲೆ ಚಚ್ಚಿಕೊಂಡಿರಬೇಕು. ನಾಲ್ಕು ದಶಾಂಶ ನಿಮಿಷವೆಂದರೆ 24 ಸೆಕೆಂಡು, 40 ಅಲ್ಲ. ನಿಮ್ಮ ಉತ್ತರಪತ್ರಿಕೆಗಳಲ್ಲಿ ಈ ತಪ್ಪಿಗೆ ನಾನು ಎಷ್ಟು ಕೆಂಪು ಮಸಿ ಚೆಲ್ಲಿದ್ದೇನೆಂಬುದು ನಿಮಗೆ ಗೊತ್ತು.

ನಮ್ಮ ಸ್ಪರ್ಧೆಯಲ್ಲಿ ಸಮಯವನ್ನು ಹೊರಟ ಜಾಗದಿಂದ ಒಟ್ಟುಗೂಡಿಸುತ್ತ ಹೋಗಬೇಕಿತ್ತು. ಒಮ್ಮೆ ಸೇರಿದ ಹದಿನಾರು ಸೆಕೆಂಡು ಮುಂದಿನ ಎಲ್ಲದರಲ್ಲೂ ಉಳಿಯುತ್ತದೆ. ಮುಂದಿನ ಭಾಗಗಳಿಗೆ ನಾನು ಕೋಷ್ಟಕವನ್ನೇ ನೋಡಿದೆ. ಅವೆಲ್ಲ ಸರಿಯಾಗಿದ್ದವು, ಆ ಹದಿನಾರರ ಮೇಲೆ ಸರಿಯಾಗಿದ್ದವು. ದನಗಳಿಂದ ಕಳೆದ ಹೊತ್ತನ್ನು ಅಳಿಯ ನಿಧಾನವಾಗಿ, ಅಪಾಯವಿಲ್ಲದ ನೇರ ದಾರಿಗಳಲ್ಲಿ ಮಾತ್ರ, ಸರಿದೂಗಿಸಿಕೊಂಡಿದ್ದ. ನಾನು "ಸರಿಯಾದ ಸಮಯಕ್ಕಿದ್ದೇವೆ" ಎಂದೆ. ಒಂದು ತಪಾಸಣೆ ದಾಟಿತು. ಎರಡು ದಾಟಿದವು.

ಆಗ ಅವನು ಕನ್ನಡಿಯಲ್ಲಿ ನೋಡುತ್ತ, "ಮಾವ, ನಾವು ಹಿಂದೆ ಬಿದ್ದಿದ್ದೇವಾ? ಹದಿನೈದನೇ ಗಾಡಿ ಹತ್ತಿರ ಬಂದ ಹಾಗಿದೆ" ಎಂದ.

"ಲೆಕ್ಕ ನನ್ನದು, ಗಾಡಿ ನಿನ್ನದು. ನೀನು ಓಡಿಸು" ಎಂದೆ.

ನನ್ನ ಧ್ವನಿ ನನಗೇ ಕೇಳಿಸಿತು. ಹತ್ತನೆಯ ತರಗತಿಯ ಕೊಠಡಿಯ ಧ್ವನಿ. ಅವನು ಮಾತಾಡಲಿಲ್ಲ. ಮೂರನೆಯ ತಪಾಸಣೆಯೂ ದಾಟಿತು.

ಬಾಳೆಹೊನ್ನೂರಿನ ಕಡೆಗೆ ಭದ್ರೆಯ ದಡಕ್ಕೆ ಇಳಿಯುವ ದಾರಿಯಲ್ಲಿ ಮತ್ತೊಮ್ಮೆ ಗಂಟೆಗೆ 30ರ ಭಾಗ ಬಂದಿತು. ದೂರ 5.4. ಎರಡರಷ್ಟು, ಹತ್ತು ದಶಾಂಶ ಎಂಟು. ಈ ಸಲ ಕೈ ತಾನಾಗಿ 10 ನಿಮಿಷ 48 ಸೆಕೆಂಡು ಎಂದು ಬರೆಯಿತು. ಬರೆದು ಅಲ್ಲೇ ನಿಂತಿತು. ಹಾಳೆಯನ್ನು ಹಿಂದಕ್ಕೆ ಮಗುಚಿದೆ. 17–40.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಮುಂದಿನ ಸಮಯದಲ್ಲಿ ಹದಿನಾರನ್ನು ಕಳೆದು ಹೇಳಿಬಿಟ್ಟರೆ ಸಾಕು. ಅವನಿಗೆ ಸ್ವಲ್ಪ ಬೇಗ ಹೋಗಬೇಕೆಂದಷ್ಟೇ ಅನಿಸುತ್ತಿತ್ತು. ಸಂಜೆ ಫಲಿತಾಂಶದ ಹಾಳೆಯಲ್ಲಿ ದಂಡ ಕಂಡರೂ, ದನಗಳ ಮೇಲೆ ಹಾಕಬಹುದು. ದನಗಳು ಅಲ್ಲಗಳೆಯುವುದಿಲ್ಲ. ಸುಮಾರು ಒಂದು ಕಿಲೋಮೀಟರ್ ಹೀಗೇ ಹೋಯಿತು. ಎಂದರೆ ಎರಡು ನಿಮಿಷ. ಅದರ ನಡುವೆ ಒಂದು ಎಡ ತಿರುವನ್ನು ತಡವಾಗಿ ಹೇಳಿ, ಅವನು ಬ್ರೇಕು ಒತ್ತಬೇಕಾಯಿತು.

"ನಿಲ್ಲು. ಅಲ್ಲ, ನಿಲ್ಲಬೇಡ. ನಾನು ತಪ್ಪು ಮಾಡಿದ್ದೇನೆ. ಹದಿನೇಳು ಇಪ್ಪತ್ತನಾಲ್ಕು ಬರೆಯುವಲ್ಲಿ ಹದಿನೇಳು ನಲವತ್ತು ಬರೆದಿದ್ದೇನೆ. ದನ ಸಿಕ್ಕಿದ ಜಾಗದಿಂದ ನಾವು ಹಿಂದೆಯೇ ಇದ್ದೇವೆ" ಎಂದೆ.

ಅವನು ಗೇರು ಬದಲಿಸಿದ. "ಎಷ್ಟು ಸೆಕೆಂಡು ಮಾವ?"

"ಹದಿನಾರು."

"ಮುಂದಿನ ತಿರುವು ಎಷ್ಟು ದೂರ?"

"ಏಳುನೂರು ಮೀಟರ್. ಬಲಕ್ಕೆ."

"ಬಲಕ್ಕೆ" ಎಂದ. ಅಷ್ಟೇ. ಗಾಡಿಯ ವೇಗ ಅರಿವಿಗೆ ಬಾರದಷ್ಟು ಏರಿತು. ಎರಡು ಕಿಲೋಮೀಟರಿನಲ್ಲಿ ಹದಿನಾರು ಸೆಕೆಂಡು ತೀರಿತು. ನಾನು ಬೈಗುಳವನ್ನೋ ನಗುವನ್ನೋ ಕಾಯುತ್ತಿದ್ದೆ. ಅದೆರಡೂ ಬಾರದಿದ್ದಾಗ ಹೇಗಾಯಿತೆಂದು ಬರೆಯಲು ನನಗೆ ತಿಳಿಯದು.

ಸಂಜೆ ಫಲಿತಾಂಶ ಹಚ್ಚಿದರು. ಹನ್ನೊಂದು ತಪಾಸಣೆಗಳಿಂದ ನಮ್ಮ ದಂಡ 131. ನಾಲ್ಕನೆಯ ಸ್ಥಾನ. ಮೂರನೆಯವರದು 96. ಬಹುಮಾನ ಮೂರಕ್ಕೆ ಮಾತ್ರ. ಮೂರು ಹದಿನಾರಲಿ ನಲವತ್ತೆಂಟು ಕಳೆದರೆ ನಮಗೆ 83 ಉಳಿಯುತ್ತಿತ್ತು. ಈ ಕೊನೆಯ ಕಳೆಯುವಿಕೆಯನ್ನು ನಾನು ಅವನಿಗೆ ಹೇಳಲಿಲ್ಲ. ಅವನೇ ಹಾಳೆಯ ಮುಂದೆ ನಿಂತು, ತುಟಿ ಅಲುಗಿಸುತ್ತ, ಬೆರಳು ಮಡಿಸಿ ಮಾಡಿಕೊಂಡ. ಸರಿಯಾಗಿಯೇ ಮಾಡಿದ.

ರಾತ್ರಿ ಊರಿಗೆ ಹಿಂದಿರುಗುವಾಗ ದಾರಿಬದಿಯ ಹೋಟೆಲೊಂದರಲ್ಲಿ ದೋಸೆ ತಿಂದೆವು. ಹನ್ನೊಂದು ವರ್ಷದ ಹಿಂದಿನ ಆ ಮಾತನ್ನು ಎತ್ತಬೇಕೆಂದು ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ "ಚಟ್ನಿ ಬೇಕೇ?" ಎಂದು ಕೇಳಿದೆ. ಇನ್ನೊಂದು ಸಲ ಅಕ್ಕನ ಮಂಡಿನೋವಿನ ವಿಷಯ ಕೇಳಿದೆ. ಅವನೇ ಒಮ್ಮೆ, "ನಿಮ್ಮ ಕೋಷ್ಟಕ ಬಹಳ ಚೆನ್ನಾಗಿದೆ ಮಾವ. ಆ ಹುಡುಗ ಇಷ್ಟು ನೀಟಾಗಿ ಮಾಡುತ್ತಿರಲಿಲ್ಲ" ಎಂದ. ಇಪ್ಪತ್ತೇಳು ವರ್ಷದ ಯುವಕ, ಮೂವತ್ತೆಂಟರ ಮೇಷ್ಟ್ರಿಗೆ ಅಂಕ ಕೊಟ್ಟ ಹಾಗಿತ್ತು.

ಈ ಪಕ್ಕದ ಸೀಟಿನವರ ಹೆಸರು ಲೋಕಕ್ಕೆ ಹೆಚ್ಚಾಗಿ ತಿಳಿಯುವುದಿಲ್ಲ. 2019ರಲ್ಲಿ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂದಾಗ, ಮೋಟಾರು ಕ್ರೀಡೆಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲೆಂದು ಪತ್ರಿಕೆಗಳು ಬರೆದವು. ಅನೇಕ ರ‍್ಯಾಲಿಗಳಲ್ಲಿ ಅವರ ಪಕ್ಕ ಕುಳಿತು ದಾರಿ ಹೇಳಿದ ಮೂಸಾ ಷರೀಫ್ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯವರು ಎಂಬುದನ್ನು ಅಳಿಯನೇ ಫೋನು ಮಾಡಿ ಹೇಳಿದ. ಅವರು ಮಾಡುವುದಕ್ಕೂ ನಾನು ಮಾಡಿದ್ದಕ್ಕೂ ಆನೆ ಇರುವೆಯ ಅಂತರ. ಆದರೂ ಆ ದಿನ ಪತ್ರಿಕೆಯನ್ನು ಎರಡು ಸಲ ಓದಿದೆ.

ಅಳಿಯನೂ ಇದನ್ನು ಓದುತ್ತಾನೆ. ಅವನ ಮಗಳು ಓದಿ ಹೇಳುತ್ತಾಳಂತೆ. ಕನ್ನಡಕ ಹಾಕಿಕೊಳ್ಳಲು ಅವನಿಗೆ ಸಂಕೋಚ. ಆದುದರಿಂದ ಆ ದೋಸೆಯ ಹೋಟೆಲಿನಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆದಿಡುತ್ತೇನೆ. 1987ರಲ್ಲಿ ತರಗತಿಯ ಎದುರು ನಾನು ಆಡಿದ ಮಾತು ತಪ್ಪು. ಅಂದು ನಕ್ಕ ನಲವತ್ತು ಮಂದಿಯಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ನಗಿಸಿದವನು ನಾನು, ನಿಮ್ಮದೇನೂ ತಪ್ಪಿಲ್ಲ.

ಮರುವರ್ಷ ಅವನ ಹಳೆಯ ಜೊತೆಗಾರನಿಗೆ ಗುಣವಾಗಿತ್ತು. ಆದರೂ ನನ್ನನ್ನೇ ಕರೆದ. ಅದರ ಮರುವರ್ಷವೂ ಕರೆದ. ಒಟ್ಟು ಆರು ರ‍್ಯಾಲಿಗಳಿಗೆ ಹೋದೆವು; ಒಮ್ಮೆ ಎರಡನೆಯ ಸ್ಥಾನವೂ ಬಂದಿತು, ಆ ಹಿತ್ತಾಳೆಯ ಲೋಟ ಅಕ್ಕನ ಮನೆಯಲ್ಲಿದೆ. ಎರಡನೆಯ ವರ್ಷ ನಾನು ಕಾರು ಹತ್ತಿ, ಬೆಲ್ಟು ಹಾಕಿಕೊಂಡು, ಪುಸ್ತಕ ತೆರೆಯುವ ಮುನ್ನ ತಲೆ ಎತ್ತಿದರೆ, ಡ್ಯಾಷ್‌ಬೋರ್ಡಿನ ಮೇಲೆ ಗಡಿಯಾರದ ಪಕ್ಕದಲ್ಲಿ, ನಟ್ಟುಗಳಿಗೆ ಹಚ್ಚುವ ಅದೇ ಹಳದಿ ಬಣ್ಣದಲ್ಲಿ, ಓರೆಕೋರೆಯಾದ ಅವನ ಅಕ್ಷರದಲ್ಲಿ ಬರೆದಿತ್ತು: 0.4 ನಿಮಿಷ = 24 ಸೆಕೆಂಡು.